ಕಾಗಿ ಹಾರಿದ್ರ ನಲವತ್ತು

ಕಾಗಿ ಹಾರಿದ್ರ ನಲವತ್ತು ಕಿಲೋಮೀಟರ್ ರೀ,
ಗಾಡಿ ಹೋದ್ರ ಎಪ್ಪತ್ತರ ಹತ್ತರ.
ವಿಮಾನ ಮಾತ್ರ ಇಲ್ಲಿಂದ ಅಲ್ಲಿಗೆ ಹಾರೂದಿಲ್ಲ.
ದಾಬೋಳಿಗೂ ಮೋಪಾಕ್ಕೂ ನಡುವ
ನಾವ ಅದೀವಿ, ವಾಸ್ಕೋ ಸ್ಟ್ಯಾಂಡಿನ ಟ್ಯಾಕ್ಸಿಯವರು.

ಎಷ್ಟು ಹೊತ್ತು ಅಂತ ಕೇಳತಾರ ಎಲ್ಲಾರೂ.
ಫೋನು ಒಂದೂವರಿ ತಾಸು ಅಂತೈತಿ.
ಫೋನಿಗೆ ಪರ್ವರಿ ಗೊತ್ತಿಲ್ಲ.
ಅಲ್ಲಿ ಮೇಲ್ಸೇತುವಿ ಕಟ್ಟಾಕ ಹತ್ತ್ಯಾರ,
ಕಂಬ ನಿಂತಾವ, ಕೆಳಗ ನಾವೂ ನಿಂತೀವಿ.

ಆ ಮುದುಕಿ ಬಂದದ್ದು ನಾಕು ಹತ್ತಕ್ಕ.
ಎಸ್ಪೆರಾನ್ಸಾ ಬಾಯಿ, ಚಿಖಲಿಯಾಕಿ.
ಹೂವಿನ ಫ್ರಾಕು, ಕೈಯಾಗ ಸ್ಟೀಲಿನ ಡಬ್ಬಿ,
ಮುಖದಾಗ ಎರಡು ತಾಸು ಕಾದ ಬೆವರು.
ತಮ್ಮ ಬರಾವಿದ್ದ, ಕುವೈತಿಂದ, ಮುಂಬೈ ಹಾಯ್ದು.
ಬಾಗಲದಿಂದ ಎಲ್ಲಾರೂ ಬಂದ್ರು, ಅವ ಬರಲಿಲ್ಲ.
ಯಾರೋ ಬರಕೊಟ್ಟ ಚೀಟಿ ಮುಂದ ಹಿಡಿದಳು,
ಮಗ್ಗಿ ಬರದ ಹುಡುಗ ಪಾಟಿ ಹಿಡಿದಂಗ.
ಓದಿದೆ: ಜಿ, ಓ, ಎಕ್ಸ್.
"ಬಾಯಿ, ಕಡೀ ಅಕ್ಷರ ಐ ಇದ್ರ ಇಲ್ಲಿ.
ಎಕ್ಸ್ ಅಂದ್ರ ಮೋಪಾ."
"ವಿಮಾನ ಅಂದ್ರ ದಾಬೋಳಿ ಅಲ್ಲೇನೋ ಪುತಾ?"
ಅಂದಳು, ಅಮಾಸಿ ಅಂದ್ರ ಕತ್ತಲಲ್ಲೇನು ಅನ್ನೂವಂಗ.

ಡೋರು ಹಾಕಿದ ಮ್ಯಾಲ ಹೇಳಿದ್ದು:
ಹನ್ನೊಂದು ವರ್ಷ ಇಬ್ಬರಿಗೂ ಮಾತಿರಲಿಲ್ಲ.
ಅಪ್ಪನ ಮನಿ, ಮನಿ ಹಿಂದ ಒಂದು ಬಾವಿ.
ಬಾವಿ ಯಾರದಂತ ಇನ್ನೂ ಕೋರ್ಟಿನಾಗೈತಿ,
ನೀರು ಯಾವಾಗೋ ಉಪ್ಪಾಗೈತಿ.

ಝುವಾರಿ ದಾಟಿದ್ವಿ. ಆಕಿ ಕೊರಳಿನ ಶಿಲುಬಿ ಮುಟ್ಟಿದಳು.
ಆಗಶಿಯಾಗ ಸರದಂಗ ತೂಗೂ ಚೊರೀಸು ನೋಡಿ
"ಅವಗ ಭಾಳ ಸೇರತಿತ್ತು" ಅಂದಳು,
ಗಾಡಿ ನಿಲ್ಲಸು ಅನ್ನಲಿಲ್ಲ.
ಮಾಂಡವಿ ಬಂತು.
ನಮ್ಮವ್ವನ ಊರು ಖಾನಾಪುರದ ಕಡೆ,
ಅಲ್ಲಿ ಇದ ನೀರಿಗೆ ಮಹದಾಯಿ ಅಂತಾರ.
ಅದರದೂ ಕೇಸು ನಡದೈತಿ. ನಾ ಬಾಯಿ ಬಿಡಲಿಲ್ಲ.
ಅದ ಸೇತುವಿ ಮ್ಯಾಲ, ಐದು ಇಪ್ಪತ್ತಿರಬೇಕು,
ಎದುರಿಗೆ ಒಂದು ನೀಲಿ ಬಸ್ಸು ಭರ್ರಂತ ಹೋತು.
ನೋಡಿದೆ. ಬಸ್ಸು ಅಷ್ಟ ನೋಡಿದೆ.

ಮೋಪಾದಾಗ ಆರು ಹೊಡೆದಿತ್ತು.
ಬರೇ ಗಾಜು. ಗಾಜಿನಾಗ ಸಂಜಿ.
ಟ್ರಾಲಿ ನೂಕೂ ಹುಡುಗ ಹೇಳಿದ: ಒಬ್ಬ ಇದ್ದ,
ಹಗ್ಗ ಸುತ್ತಿದ ರಟ್ಟಿನ ಪೆಟ್ಟಿಗಿ ಮ್ಯಾಲ ಕುಂತು
ಬಂದ ಹೆಣಮಕ್ಕಳ ಮುಖಾ ಎಲ್ಲಾ ನೋಡಿ,
"ನಮ್ಮಕ್ಕ ದಾಬೋಳಿಗೇ ಹೋಗಿರತಾಳ,
ಆಕಿಗೆ ಹೊಸಾದು ತಿಳಿಯೂದಿಲ್ಲ" ಅಂದು
ನೀಲಿ ಬಸ್ಸು ಹತ್ತಿದ.

ಬಾಯಿ ಡಬ್ಬಿ ಮುಚ್ಚಳ ತೆಗದಳು. ಮತ್ತ ಹಾಕಿದಳು.
"ಹೌದು, ತಿಳಿಯೂದಿಲ್ಲ."

ಹೊಳ್ಳಿ ಹೊಂಟ್ವಿ. ಕೊಲ್ವಾಳ, ಮಾಪ್ಸಾ.
ಪರ್ವರಿಯಾಗ ಮುಕ್ಕಾಲು ತಾಸು ಗಾಲಿ ಉರುಳಲಿಲ್ಲ.
ಕನ್ನಡಿಯಾಗ ಆಕಿ ತುಟಿ ಆಡತಿದ್ವು, ಸಪ್ಪಳಿಲ್ಲ.
ಜಪ ಅಂತ ತಿಳಿದು ರೇಡಿಯೋ ಬಂದ್ ಮಾಡಿದೆ.
ಜಪ ಅಲ್ಲ.
ಮೊದಲನೇ ಮಾತು ಏನಾಡೂದು ಅಂತ
ಹಾಕಿ, ಅಳಿಸಿ, ಹಾಕಿ ನೋಡಾಕ ಹತ್ತಿದ್ದಳು.

ದಾಬೋಳಿ, ಎಂಟೂ ಮುಕ್ಕಾಲು.
ಆಕಿ ನಿಂತಿದ್ದ ಅದ ಕಂಬದ ಬುಡಕ
ಬೋಳುತಲಿಯವ ಒಬ್ಬ ಪೆಟ್ಟಿಗಿ ಮ್ಯಾಲ ಕುಂತಿದ್ದ.
ನಾ ಹಾರ್ನ್ ಹೊಡೀಲಿಲ್ಲ.

"ಯಾಕ ಇಷ್ಟು ತಡಾ?" ಅಂದ.
"ಟ್ರಾಫಿಕ್" ಅಂದಳು.

ಬಾಡಿಗಿ ಹೋಗೂದರದ್ದಷ್ಟ ತಗೊಂಡೆ,
ಸ್ಟ್ಯಾಂಡಿನಾಗ ಯಾರಿಗೂ ಹೇಳಬ್ಯಾಡ್ರಿ.
ಮೂವರನ್ನೂ ಚಿಖಲಿಗೆ ಬಿಟ್ಟೆ:
ಅವನ್ನ, ಆಕಿನ್ನ, ಪೆಟ್ಟಿಗಿನ್ನ.
ಆರು ನಿಮಿಷದ ದಾರಿ.
ಇಬ್ಬರೂ ಒಂದೊಂದು ಕಿಡಕಿ ಹಿಡದು
ಹೊರಗ ನೋಡಕೋತ ಕುಂತಿದ್ರು, ನಡುವ ಡಬ್ಬಿ.
ರೈಲ್ವೆ ಗೇಟು ದಾಟೂದ್ರಾಗ ಮುಚ್ಚಳದ ಸಪ್ಪಳಾತು.
ಯಾರು ತೆಗದ್ರೋ. ನಾ ಹೊಳ್ಳಿ ನೋಡಲಿಲ್ಲ.
ಗಾಡಿ ತುಂಬ ಸಣ್ಣಾದ ವಾಸನಿ,
ಸೇಂದಿ ಹಾಕಿ ಉಬ್ಬಿಸಿದ್ದು, ಸ್ವಲ್ಪ ಹುಳಿ.